ಸಾಪ ಎಂದು ಬರೆದ ಪೆಟ್ಟಿಗೆ

ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷ. ಶ್ರಾವಣದ ಒಂದು ಗುರುವಾರ, ನಾಗರಪಂಚಮಿ ಮುಗಿದು ವಾರವಾಗಿತ್ತು. ನಾನು ಸಂಗ್ರಹಾಲಯದ ಹಿಂದಿನ ಕೋಣೆಗೆ ಹೋಗಿ, ಗೋಡೆಯ ಗಡಿಯಾರ ನೋಡಿ, ಆಮೇಲೆ ಕಿಟಕಿಯ ಕೆಳಗೆ ನೋಡಿದೆ. ಅಲ್ಲಿರಬೇಕಾದ ಪೆಟ್ಟಿಗೆ ಇರಲಿಲ್ಲ.

"ರಾಚಪ್ಪಾ, ಇಲ್ಲಿದ್ದ ಪೆಟ್ಟಿಗಿ ಎಲ್ಲಿ?"

ಸಿಪಾಯಿ ರಾಚಪ್ಪ ಹೊಟ್ಟು ತುಂಬಿದ ನವಿಲಿನ ಬಾಲ ಝಾಡಿಸುತ್ತಿದ್ದ. "ಸಾಲಿಗೆ ಹೋತಲ್ರಿ ಸಾಹೇಬ್ರ. ಎಂಟಕ್ಕ ಟಾಂಗಾದಾಗ ಹೇರಿ ಕಳಿಸೇನಿ."

"ಯಾರ ಹೇಳಿದ್ರ ಕಳಸಂತ?"

"ಯಾರ ಯಾಕ ಹೇಳಬೇಕ್ರಿ? ಮ್ಯಾಲ ಸಾಪ ಅಂತ ಬರದಿತ್ತಲ್ಲ."

ಬರೆದಿತ್ತು, ನಿಜ. ಬರೆದವನು ನಾನೇ. ಪೆಟ್ಟಿಗೆಯೊಳಗೆ ಜೀವಂತ ಹಾವಿತ್ತು.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, "ಸರ್, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದರಿಂದ ಅವರಿಗೆ ಉಪಯೋಗವಿಲ್ಲ. ಏರಿದ್ದರಲ್ಲಿ ನನ್ನ ಪಾಲೂ ಹೆಚ್ಚಿಲ್ಲ, ಮೇಲಿದ್ದವರು ಒಬ್ಬೊಬ್ಬರಾಗಿ ಪಿಂಚಣಿಗೆ ಹೋದರು, ಅಷ್ಟೆ. ಉಪಯೋಗಕ್ಕೆ ಬರುವುದು ಈ ಪೆಟ್ಟಿಗೆಯ ಸಂಗತಿ. ಕೂತು ಹೇಳಲು ಹೋದರೆ ಕೇಳುವವರು ನಗುತ್ತಾರೆ, ನಾನೂ ನಗುತ್ತೇನೆ, ಪಾಠ ಉಳಿಯುವುದಿಲ್ಲ. ಆದ್ದರಿಂದ ಬರೆದಿಡುತ್ತಿದ್ದೇನೆ.

ಆಗಿನ್ನೂ ಸಂಸ್ಥಾನಗಳಿದ್ದವು. ಸಾಂಗಲಿಗೂ ಮಿರಜಿಗೂ ನಡುವಿನ ರಸ್ತೆಯ ಬದಿಗೆ ಒಂದು ಹಳೆಯ ಬಂಗಲೆ. ಅದರಲ್ಲಿ ನಿವೃತ್ತ ಡಾಕ್ಟರರೊಬ್ಬರು ತಮ್ಮ ಹವ್ಯಾಸಕ್ಕೆ ಕಟ್ಟಿದ ನಿಸರ್ಗ ಸಂಗ್ರಹಾಲಯ. ನಾವು ಅವರನ್ನು ಡಾಕ್ಟರ ಸಾಹೇಬರು ಎನ್ನುತ್ತಿದ್ದೆವು. ಮನುಷ್ಯರ ಹೊಟ್ಟೆ ಕೊಯ್ದು ಸಾಕಾಗಿ ಹಕ್ಕಿಗಳ ಹೊಟ್ಟೆಗೆ ಹೊಟ್ಟು ತುಂಬಲು ಕುಳಿತವರು. ಮರಾಠಿಯವರು, ಸಿಟ್ಟು ಬಂದರೆ ಮಾತ್ರ ಕನ್ನಡ ಆಡುತ್ತಿದ್ದರು. ನಾನು ಮಿರಜ ಪೇಟೆಯ ಅರಿಸಿನ ವ್ಯಾಪಾರದ ಮನೆಯವನು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಆಗಿ ಬಂದಾಗ ಅಪ್ಪ, "ಪ್ರಾಣಿ ಮಾರತೀಯೇನ?" ಎಂದು ಕೇಳಿದ್ದ. ಇಲ್ಲ ಎಂದೆ. "ಮತ್ತ ಯಾಕ ಕಲತಿ?" ಎಂದ. ಡಾಕ್ಟರ ಸಾಹೇಬರು ನೌಕರಿ ಕೊಟ್ಟು ನನ್ನ ಮಾನ ಉಳಿಸಿದರು.

ಕೆಲಸವೆಂದರೆ ಪೆಟ್ಟಿಗೆಗಳದು. ಹಳ್ಳಿಯ ಮಕ್ಕಳು ಸಂಗ್ರಹಾಲಯಕ್ಕೆ ಬರಲಾರರು, ಆದ್ದರಿಂದ ಸಂಗ್ರಹಾಲಯವೇ ಪೆಟ್ಟಿಗೆಯಲ್ಲಿ ಕೂತು ಹಳ್ಳಿಗೆ ಹೋಗಬೇಕು ಎಂಬುದು ಡಾಕ್ಟರರ ವಿಚಾರ. ಗೂಡಿನ ಪೆಟ್ಟಿಗೆ, ಬೀಜದ ಪೆಟ್ಟಿಗೆ, ಎಲುಬಿನ ಪೆಟ್ಟಿಗೆ, ಚಿಟ್ಟೆಯ ಪೆಟ್ಟಿಗೆ. ಶಾಲೆಯವರು ಚೀಟಿ ಕಳಿಸಿ ಒಯ್ಯುವುದು, ವಾರವಿಟ್ಟುಕೊಂಡು ಮಕ್ಕಳ ಕೈಗೆ ಕೊಟ್ಟು, ಮರಳಿಸುವುದು. "ಕಣ್ಣಿಗೆ ಮೋಸ ಆಗುತ್ತದೆ, ಕೈಗೆ ಆಗುವುದಿಲ್ಲ" ಎಂದು ಡಾಕ್ಟರರು ಹೇಳುತ್ತಿದ್ದರು. ಅದನ್ನು ನಾನು ಬಹಳ ದಿನ ನಂಬಿದ್ದೆ.

ಪೆಟ್ಟಿಗೆ ಮರಳಿ ಬಂದಾಗ ಏನು ಕಾಣುತ್ತದೆಂದು ಯಾರೂ ಹೇಳಲಾರರು. ಒಮ್ಮೆ ಬೀಜದ ಪೆಟ್ಟಿಗೆ ಪೂರ್ತಿ ಖಾಲಿಯಾಗಿ ಬಂತು. ಜೊತೆಗೆ ಮಾಸ್ತರರ ಪತ್ರ: "ತಾವು ಕಳಿಸಿದ ಬೀಜಗಳು ಉತ್ತಮ ಜಾತಿಯವು, ಎಲ್ಲವೂ ಹುಟ್ಟಿವೆ. ಮುಂದಿನ ಸಲ ಶೇಂಗಾ ಹೆಚ್ಚು ಕಳಿಸಬೇಕಾಗಿ ವಿನಂತಿ." ದಸರೆಗೆ ಅದೇ ಮಾಸ್ತರರು ಒಂದು ಕುಂಬಳಕಾಯಿ ಕಳಿಸಿದರು. ಡಾಕ್ಟರರು ಅದಕ್ಕೆ ಚೀಟಿ ಅಂಟಿಸಿ, ಸಾಲವಾಗಿ ಕೊಟ್ಟ ವಸ್ತು ಬೆಳೆದು ಬಂದದ್ದು ಎಂದು ಬರೆದು, ಕಪಾಟಿನಲ್ಲಿಟ್ಟರು. ನಾರುವವರೆಗೂ ಇತ್ತು.

ಇನ್ನೊಂದು ಊರಿಗೆ ಗೂಬೆ ಹೋಯಿತು. ಗೂಗಿ ಸತ್ತಿರಲಿ ಬದುಕಿರಲಿ, ಊರೊಳಗೆ ಬರಕೂಡದೆಂದು ಹಿರಿಯರು ಅಗಸಿ ಬಾಗಿಲಲ್ಲೇ ತಡೆದರು. ಮಾಸ್ತರರು ಹಟಕ್ಕೆ ಬಿದ್ದು ಮಕ್ಕಳನ್ನೆಲ್ಲ ಊರ ಹೊರಗೆ ಕರೆತಂದು ಬೇವಿನ ಮರದ ಕೆಳಗೆ ಪಾಠ ಮಾಡಿದರು. ಮುಂದೆ ಆ ಶಾಲೆಯಿಂದ ನಾಲ್ಕು ಸಲ ಗೂಬೆಗೇ ಬೇಡಿಕೆ ಬಂತು. ವಿಚಾರಿಸಿದರೆ ಮಕ್ಕಳು ಹೇಳಿದ್ದು: "ಗೂಗಿ ಬಂದ್ರ ಸಾಲಿ ಹೊರಗ ಇರತೈತ್ರಿ."

ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ಮುಟ್ಟುಪೆಟ್ಟಿಗೆಗೆ. ಗಟ್ಟಿ ಮುಚ್ಚಳದ ಸಾಗವಾನಿ ಪೆಟ್ಟಿಗೆ, ಬದಿಗೊಂದು ಕಿಂಡಿ, ಕಿಂಡಿಗೆ ಹೊಲಿದ ಉದ್ದನೆಯ ಉಣ್ಣೆಯ ಕಾಲುಚೀಲ, ತುದಿ ಕತ್ತರಿಸಿದ್ದು. ಮಗು ಕಾಲುಚೀಲದೊಳಗಿಂದ ಕೈ ಹಾಕಬೇಕು, ನೋಡದೆ ಮುಟ್ಟಿ ಒಳಗೇನಿದೆ ಎಂದು ಹೇಳಬೇಕು. ಗೀಜಗನ ಗೂಡು, ಒಣ ಹೀರೆಕಾಯಿ, ಶಂಖ, ದಪ್ಪನೆಯ ನಾರಿನ ಹಗ್ಗ, ಹೀಗೆ ಎಂಟು ವಸ್ತು. ಮಾಸ್ತರರಿಗಾಗಿ ಉತ್ತರದ ಪಟ್ಟಿ ಮುಚ್ಚಳಕ್ಕೆ ಅಂಟಿಸಿರುತ್ತಿತ್ತು.

ಈಗ ಸೀಮೆಸುಣ್ಣದ ವಿಷಯ. ಮರಳಿ ಬಂದ ಪೆಟ್ಟಿಗೆಯನ್ನು ಒರೆಸಿ, ಬಿಸಿಲಿಗಿಟ್ಟು, ಕರ್ಪೂರ ಹಾಕಿ, ವಸ್ತುಗಳನ್ನು ತುಂಬಿದ ಮೇಲೆ ಮುಚ್ಚಳದ ಮೇಲೆ "ಸಾಫ್" ಎಂದು ಬರೆಯುವ ಪದ್ಧತಿ ತಂದವನು ನಾನು. ಬರೆದಿದ್ದರೆ ಕಳಿಸಬಹುದು, ಬರೆಯದಿದ್ದರೆ ಮುಟ್ಟಬಾರದು. ಆದರೆ ನಮ್ಮ ಕಡೆಯ ಕನ್ನಡಿಗರ ಬಾಯಲ್ಲಿ ಅದು ಸಾಫ್ ಅಲ್ಲ, ಸಾಪ. "ಅಂಗಳ ಸಾಪ ಮಾಡು", "ಅವನ ಮನಸ್ಸ ಸಾಪ ಇಲ್ಲ". ಪೂರ್ತಿ ಎನ್ನಲೂ ಅದೇ ಮಾತು: "ಸಾಪ ಮರತೇನಿ". ರಾಚಪ್ಪ ಮೊದಲ ದಿನವೇ ದೇವನಾಗರಿ ಅಕ್ಷರದಲ್ಲಿ ದಪ್ಪಗೆ ಸಾಪ ಎಂದು ಬರೆದ. ನಾನು ತಿದ್ದಲಿಲ್ಲ. ನಾನೂ ಹಾಗೆಯೇ ಅನ್ನುವವನು.

ಮರಾಠಿಯಲ್ಲಿ ಸಾಪ ಎಂದರೆ ಹಾವು. ಹುಟ್ಟಿದಾಗಿನಿಂದ ಎರಡೂ ಭಾಷೆ ಆಡಿದವನು ನಾನು, ಒಂದು ದಿನವೂ ಈ ಎರಡು ಮಾತನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಅವು ನನ್ನ ತಲೆಯ ಬೇರೆ ಬೇರೆ ಕೋಣೆಗಳಲ್ಲಿದ್ದವು, ನಡುವಿನ ಬಾಗಿಲಿಗೆ ಚಿಲಕ.

ಹಿಂದಿನ ದಿನ, ಬುಧವಾರ ಸಂಜೆ ಐದಕ್ಕೆ, ಕಸಬೆ ಡಿಗ್ರಜದ ರೈತನೊಬ್ಬ ಮಡಕೆಗೆ ಬಟ್ಟೆ ಕಟ್ಟಿ ಹೊತ್ತು ತಂದ. "ಹೊಲ ಹರಗೂ ಮುಂದ ಸಿಕ್ತ್ರಿ. ನಿಮ್ಮ ಮೂಜಿಯಮ್ಮಿಗೆ ಆಗತೈತಿ ಅಂತ ತಂದೇನಿ" ಎಂದು ಹಾವಿನ ಹೆಸರು ಹೇಳಿದ. ನನ್ನ ಕಿವಿಗೆ ಬಿದ್ದದ್ದು: ಮಂಡಲ.

ಕೊಳಕುಮಂಡಲ! ತಿದಿ ಊದಿದ ಹಾಗೆ ಬುಸುಗುಟ್ಟುವ, ಕಡಿದರೆ ಸೂರ್ಯ ಮುಳುಗುವುದರೊಳಗೆ ಮನುಷ್ಯನನ್ನು ಮುಗಿಸುವ ಹಾವು. ನಾನು ಕಾಲೇಜಿನಲ್ಲಿ ಅದರ ಹಲ್ಲಿನ ಚಿತ್ರ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಚಿತ್ರ ನೆನಪಾದೊಡನೆ ಹತ್ತಿರವಿದ್ದ ಸ್ಟೂಲು ಹತ್ತಿ ನಿಂತೆ.

"ಸಾಹೇಬ್ರ, ಅಲ್ಲಿಂದ ಕಾಣತೈತೇನ್ರಿ?" ಎಂದ ರೈತ.

"ಚಲೋ ಕಾಣತೈತಿ" ಎಂದೆ. ಕಂಡದ್ದು ಅವನ ರುಮಾಲು ಮಾತ್ರ.

ಹಾವಿಡಲು ಬೇರೆ ಜಾಗವಿರಲಿಲ್ಲ. ಒರೆಸಿ ಒಣಗಿಸಲು ಖಾಲಿ ಮಾಡಿದ ಮುಟ್ಟುಪೆಟ್ಟಿಗೆ ಕಿಟಕಿಯ ಕೆಳಗಿತ್ತು. ಅದರ ಎಂಟೂ ವಸ್ತುಗಳು ನನ್ನ ಮೇಜಿನ ಕೆಳಗೆ ಚೀಲದಲ್ಲಿ. ರೈತನೇ ಮಡಕೆ ಬಗ್ಗಿಸಿ ಹಾವನ್ನು ಪೆಟ್ಟಿಗೆಗೆ ಇಳಿಸಿ, ಮುಚ್ಚಳ ಜಡಿದು, ಕಾಲುಚೀಲಕ್ಕೆ ಗಂಟು ಹಾಕಿ, ನನಗೊಂದು ನಮಸ್ಕಾರ ಹಾಕಿ ಹೋದ. ನಾನು ಸ್ಟೂಲಿನ ಮೇಲಿಂದಲೇ ಪ್ರತಿ ನಮಸ್ಕಾರ ಮಾಡಿದೆ. ಪಕ್ಕದ ಕೋಣೆಯಲ್ಲಿ ಕೊಕ್ಕರೆಯೊಂದಕ್ಕೆ ಕಣ್ಣು ಕೂಡಿಸುತ್ತಿದ್ದ ಡಾಕ್ಟರರು ಎದ್ದು ಬರಲಿಲ್ಲ. ನಾಳೆ ನೋಡುತ್ತೇನೆಂದು ಹೇಳಿ, ಅಲ್ಲಿಂದಲೇ ಮರಾಠಿಯಲ್ಲಿ ಕೂಗಿದರು: "ಪೇಟೀವರ ಲಿಹೂನ ಠೇವ ರೇ, ಸಾಪ!" ಪೆಟ್ಟಿಗೆಯ ಮೇಲೆ ಹಾವು ಎಂದು ಬರೆದಿಡು ಎಂದರ್ಥ. ಮಾತು ಮರಾಠಿಯಲ್ಲಿ ಬಂತು, ನನ್ನ ಮರಾಠಿಯ ಕೋಣೆ ತೆರೆಯಿತು, ನಾನು ತೋಳು ಉದ್ದ ಚಾಚಿ ಬರೆದೆ: ಸಾಪ. ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಬೆಳಿಗ್ಗೆ ರಾಚಪ್ಪ ಬಂದ. ಕನ್ನಡದ ಕಣ್ಣಿನಿಂದ ಓದಿದ. ಗುರುವಾರ ಮುಟ್ಟುಪೆಟ್ಟಿಗೆ ಹೋಗಬೇಕಾದ ಶಾಲೆಯ ಹೆಸರು ಗೋಡೆಯ ಮೇಲಿತ್ತು. ಎರಡು ಗೆರೆ ನೋಡಿ, "ಸಾಹೇಬ್ರು ಬಾಳ ಸಾಪ ಮಾಡ್ಯಾರ" ಅಂದುಕೊಂಡನಂತೆ.

ನಾನು ಎಲ್ಲ ಹೇಳಿದಾಗ ಅವನ ಕೈಯಿಂದ ನವಿಲು ಬಿತ್ತು. "ಮಂಡಲ? ಅಯ್ಯ ಶಿವನ! ಹೆಗಲ ಮ್ಯಾಲ ಹೊತ್ತೇನಲ್ರಿ ನಾ!" ಡಾಕ್ಟರರು ಸಾಂಗಲಿಗೆ ಹೋಗಿದ್ದರು, ಟಾಂಗಾ ಇರಲಿಲ್ಲ. ಇದ್ದದ್ದು ನನ್ನ ಸೈಕಲ್ಲು. ನಾನು ಒಬ್ಬನೇ ಹೊರಟೆ. ರಾಚಪ್ಪ ಓಡಿ ಬಂದು ಹಿಂದಿನ ಕ್ಯಾರಿಯರಿನ ಮೇಲೆ ಕೂತ. ಒಂದು ಕೈಯಲ್ಲಿ ಹಾವು ಒತ್ತಿ ಹಿಡಿಯುವ ಕವಲುಕೋಲು, ಇನ್ನೊಂದು ಬಗಲಲ್ಲಿ ಹೊಟ್ಟು ತುಂಬಿದ ಮುಂಗುಸಿ.

"ಅದ್ಯಾಕೋ?"

"ಹಾವು ಅಂಜತೈತ್ರಿ."

"ಸತ್ತ ಮುಂಗುಸಿಗೆ?"

"ಒಳಗ ಹೊಟ್ಟ ತುಂಬೇತಂತ ಹಾವಿಗೇನ ಗೊತ್ತ್ರಿ? ತುಳೀರಿ, ತುಳೀರಿ."

ಮಿರಜ ದಾಟಿದೊಡನೆ ನಾಕಾ. ಆಗ ಹತ್ತು ಮೈಲು ಹೋದರೆ ಎರಡು ಸಂಸ್ಥಾನ ಬರುತ್ತಿದ್ದವು, ಪ್ರತಿ ಗಡಿಗೂ ಜಕಾತಿ ಕೇಳುವ ಕಾರಕೂನ. ಈ ಕಾರಕೂನ ಮುಂಗುಸಿ ನೋಡಿ ಎದ್ದು ನಿಂತ.

"ಇದು ಜೀವಂತ ಏನ್ರಿ, ಸತ್ತದ್ದೇನ್ರಿ?"

"ಸತ್ತದ್ದು."

"ಹಂಗಾರ ತೊಗಲು. ತೊಗಲಿಗೆ ಜಕಾತಿ ಐತಿ."

"ಜೀವಂತ ಅಂತ ಬರಕೋರಿ" ಎಂದ ರಾಚಪ್ಪ.

"ಹಂಗಾರ ಜನಾವಾರ. ಅದಕ್ಕ ಪರವಾನಗಿ ಬೇಕು."

ನನಗೆ ಅಳು ಬಂತು. ಬೆಳಿಗ್ಗೆ ಒಂದು ಪೆಟ್ಟಿಗೆ ಹೋಯಿತಲ್ಲ, ಅದನ್ನು ಏಕೆ ತೆರೆದು ನೋಡಲಿಲ್ಲ ಎಂದು ಕೇಳಿದೆ. ಕಾರಕೂನ ನನ್ನನ್ನು ಹುಚ್ಚನಂತೆ ನೋಡಿದ. "ಮ್ಯಾಲ ಅಷ್ಟ ದಪ್ಪ ಬರದಿತ್ತಲ್ರಿ, ಸಾಪ ಅಂತ! ಎರಡ ಗೆರಿ ಎಳದಿದ್ರು! ಯಾಂವ ತಗೀತಾನ?" ಅವನು ಮರಾಠಿಯವನು. ಇಡೀ ದಾರಿಯಲ್ಲಿ ನನ್ನ ಬರಹವನ್ನು ಸರಿಯಾಗಿ ಓದಿದವನು ಇವನೊಬ್ಬನೇ. ಮುಂಗುಸಿಯನ್ನು ಅವನಲ್ಲಿ ಒತ್ತೆ ಇಟ್ಟು ಮುಂದೆ ಹೋದೆವು.

ಶಾಲೆ ಇದ್ದದ್ದು ಖಂಡೇರಾಜುರಿ ದಾಟಿ ಸಲಗರೆಯ ದಾರಿಗೆ. ಊರಿನ ಹೆಸರು ಬರೆಯುವುದಿಲ್ಲ, ಮಾಸ್ತರರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಖಂಡೇರಾಜುರಿಯವರೆಗೆ ಹೇಗೋ ತುಳಿದೆ. ಮುಂದೆ ಎರೆಮಣ್ಣು, ಮೇಲೆ ನಿನ್ನೆಯ ಮಳೆ. ನೂರು ಹೆಜ್ಜೆಗೊಮ್ಮೆ ಚಕ್ರದಲ್ಲಿ ಕರಿ ಮಣ್ಣು ತುಂಬಿ ಸೈಕಲ್ಲು ಎತ್ತಿನಂತೆ ಕೂತುಬಿಡುತ್ತಿತ್ತು. ಕೊನೆಗೆ ರಾಚಪ್ಪ ಮುಂದಿನ ಗಾಲಿ, ನಾನು ಹಿಂದಿನ ಗಾಲಿ ಹೆಗಲಿಗೆ ಹಾಕಿಕೊಂಡು ಓಡಿದೆವು. ಅದನ್ನು ಅಲ್ಲೇ ಬಿಟ್ಟು ಓಡಬಹುದಿತ್ತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹೊಲದಲ್ಲಿದ್ದ ಮುದುಕನೊಬ್ಬ, "ಸೈಕಲ್ಲಿಗೆ ಜಡ್ಡ ಬಂದೈತೇನ್ರಿ? ಮಿರಜಿಗೆ ಒಯ್ರಿ, ದವಾಖಾನಿ ಆ ಕಡಿಗೈತಿ" ಎಂದು ಕೂಗಿ ಹೇಳಿದ.

ಶಾಲೆ ಮುಟ್ಟಿದಾಗ ಹನ್ನೆರಡೂಕಾಲು. ಹನ್ನೊಂದೂವರೆಗೆ ನಿಸರ್ಗಪಾಠ ಶುರು ಎಂದು ಚೀಟಿಯಲ್ಲಿ ಓದಿದ್ದು ನೆನಪಿತ್ತು.

"ಸಾಹೇಬ್ರ" ಎಂದ ರಾಚಪ್ಪ, "ಸಾಲಿ ಸುಮ್ಮನೈತಿ."

ಮೂವತ್ತೆರಡು ಮಕ್ಕಳಿರುವ ಶಾಲೆ ಸುಮ್ಮನಿತ್ತು. ಆ ಸದ್ದಿಲ್ಲದಿರುವುದು ಈಗಲೂ ಒಮ್ಮೊಮ್ಮೆ ಊಟದ ನಡುವೆ ನನ್ನ ಕಿವಿಗೆ ಬರುತ್ತದೆ.

ಬಾಗಿಲಲ್ಲಿ ನಿಂತು ನೋಡಿದೆ. ಮಕ್ಕಳು ಸಾಲಾಗಿ ಕುಳಿತು ಮುಂದೆ ನೋಡುತ್ತಿದ್ದಾರೆ. ಮೇಜಿನ ಮೇಲೆ ಮುಟ್ಟುಪೆಟ್ಟಿಗೆ. ಹಲಗೆಯ ಮೇಲೆ ಹೆಸರುಗಳು, ಎದುರಿಗೆ ಉತ್ತರಗಳು: ಬದನಿಕಾಯಿ, ಸೈಕಲ್ ಟೂಬು, ಎಮ್ಮಿ ನಾಲಿಗಿ, ಮುತ್ಯಾನ ನಡುಪಟ್ಟಿ, ಹಸಿ ಕಬ್ಬು, ಹಗ್ಗ, ಹಗ್ಗ, ಹಗ್ಗ. ಮೂವತ್ತೊಂದು ಉತ್ತರ. ಮೂವತ್ತೊಂದು ಕೈ ಒಳಗೆ ಹೋಗಿ ಬಂದಿದ್ದವು. ಮೂವತ್ತೆರಡನೆಯದು ಒಳಗಿತ್ತು. ಎರಡು ಜಡೆಯ, ಒಂಬತ್ತು ಹತ್ತರ ಹುಡುಗಿಯೊಬ್ಬಳು ಮೊಣಕೈವರೆಗೆ ಕಾಲುಚೀಲದಲ್ಲಿ ತೋಳಿಟ್ಟು ಅಲುಗದೆ ನಿಂತಿದ್ದಳು. ಅವಳ ಹೆಸರು ಪದ್ಮವ್ವ, ಅದು ಆಮೇಲೆ ತಿಳಿದದ್ದು.

ಕೂಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಕೂಗಿದರೆ ಅವಳು ಬೆಚ್ಚುತ್ತಾಳೆ, ಕೈ ಜಗ್ಗುತ್ತಾಳೆ, ಹಾವು ಕಡಿಯುತ್ತದೆ. ಮಣ್ಣಿನ ಬೂಟು ಕಳಚಿ ಬೆರಳ ತುದಿಯಲ್ಲಿ ಒಂದು ಹೆಜ್ಜೆ ಇಟ್ಟೆ. ಆಗ ಹಲಗೆಯ ಬಳಿ ನಿಂತಿದ್ದ ವಾಮನರಾವ ಮಾಸ್ತರರು ನನ್ನನ್ನು ನೋಡಿಬಿಟ್ಟರು.

"ಓಹೋಹೋ, ಮೂಜಿಯಮ್ ಸಾಹೇಬ್ರು! ಎಲ್ಲಾರೂ ಏಳ್ರಿ!"

ಮೂವತ್ತೊಂದು ಮಕ್ಕಳು ದಡಕ್ಕನೆ ಎದ್ದು, ನೆಲ ಗುದ್ದಿ, ಮಾಡು ಹಾರುವಂತೆ ಕೂಗಿದರು: "ನಮಸ್ತೇಏಏ!" ಪದ್ಮವ್ವನೂ ಕೈ ಮುಗಿಯಬೇಕೆಂದು ಇನ್ನೊಂದು ಕೈ ಎತ್ತಿದಳು, ಪೆಟ್ಟಿಗೆ ಮೇಜಿನ ಮೇಲೆ ಒಮ್ಮೆ ಜರುಗಿತು. ನನ್ನ ಪ್ರಾಣ ಎಲ್ಲಿಗೋ ಹೋಗಿ ಬಂತು.

"ತಂಗಿ" ಎಂದೆ, ಆದಷ್ಟು ಮೆಲ್ಲಗೆ, "ಕೈ ತಗಿ. ಸಾವಕಾಶ."

"ತಗೀಬ್ಯಾಡ!" ಎಂದರು ಮಾಸ್ತರರು. "ಹಗ್ಗ ಅನ್ನೂ ತನಾ ತಗೀಬ್ಯಾಡ ಅಂದೇನಿ ಆಕಿಗೆ. ಎಲ್ಲಾರೂ ಒಂದ ಹೇಳಿದ್ರ ಈಕಿದ ಒಂದ. ಮೂರ ಸಲ ಕೇಳೇನ್ರಿ, ಮೂರ ಸಲಾನೂ ಹಾವು ಅಂತಾಳ!"

ವಾಮನರಾವ ಮಾಸ್ತರರು ಏಕಾದಶಿಗೆ ಪುರಾಣ ಹೇಳುವವರು, ವೇದಾಂತ ಬಲ್ಲವರು. ಕಾಲುಚೀಲದ ಗಂಟು ಬಿಚ್ಚಿ ತಾವೇ ಮೊದಲು ಕೈ ಹಾಕಿ, ಎಂಟು ವಸ್ತುಗಳಲ್ಲಿ ಒಂದೇ ಬಂದಿದೆ ಎಂದು ಸಂಗ್ರಹಾಲಯವನ್ನು ಸ್ವಲ್ಪ ಬೈದು, ಪಟ್ಟಿಯ ಜೊತೆ ತಾಳೆ ನೋಡಿ, ಇದು ನಾರಿನ ಹಗ್ಗ ಎಂದು ತೀರ್ಮಾನಿಸಿದ್ದರು.

"ಮುಟ್ಟಿ ನೋಡೇನ್ರಿ ನಾ. ಒಂಚೂರು ಎಣ್ಣಿ ಹತ್ತೈತಿ, ಅಷ್ಟ" ಎಂದು ವರ್ಗದ ಕಡೆ ತಿರುಗಿದರು. "ಮಬ್ಬ ಬೆಳಕಿನ್ಯಾಗ ಹಗ್ಗ ಬಿದ್ದಿರತೈತಿ. ಅಜ್ಞಾನಿ ಏನಂತಾನ? ಹಾವು ಅಂತಾನ. ಇದಕ್ಕ ಏನಂತಾರ?"

"ಭ್ರಾಂತಿ!" ಎಂದು ಮೂವತ್ತೊಂದು ಮಕ್ಕಳು ಕೂಗಿದರು.

"ಹಗ್ಗ ಉಸರಾಡೂದಿಲ್ರಿ ಗುರುಗಳ" ಎಂದಳು ಪದ್ಮವ್ವ.

ಆಗ ನಾನು ಹೇಳಿದ ಮಾತಿಗೆ ಈಗಲೂ ನಾಚಿಕೆಯಿದೆ. ಅವಳ ಕೈ ಹೊರಗೆ ಬಂದರೆ ಸಾಕು ಎಂದು, "ಅದು ಹಗ್ಗನ ತಂಗಿ. ಗುರುಗಳು ಹೇಳಿದ್ದ ಖರೆ. ಹಗ್ಗ ಅನ್ನು, ಕೈ ತಗಿ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮಣ್ಣಾದ ಧೋತರ, ಬರಿಗಾಲು, ಹಿಂದೆ ಕವಲುಕೋಲು ಹಿಡಿದ ರಾಚಪ್ಪ. "ಇಷ್ಟ ದೊಡ್ಡಾವರಾಗಿ ಯಾಕ ಸುಳ್ಳ ಹೇಳ್ತೀರಿ?" ಎಂದಳು. ಕೈ ತೆಗೆದಳು. ಕೈಯಲ್ಲಿ ಹಾವಿತ್ತು.

ಮುಂದಿನದರ ಬಗ್ಗೆ ಬೇರೆ ಬೇರೆ ಹೇಳಿಕೆಗಳಿವೆ. ವಾಮನರಾವ ಮಾಸ್ತರರು ಮೇಜಿನ ಮೇಲಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಹೇಗೆ ಹತ್ತಿದರೆಂದು ಯಾರೂ ನೋಡಲಿಲ್ಲ. ರಾಚಪ್ಪನ ಕವಲುಕೋಲು ನೆಲಕ್ಕೊತ್ತಿ ಹಿಡಿದದ್ದು ನನ್ನ ಪಾದವನ್ನು. ನಾನು ಓಡುತ್ತಿದ್ದೆ, ಅದಕ್ಕೇ ಸಿಕ್ಕೆ ಎಂದು ಅವನು ಹೇಳುತ್ತಿದ್ದ. ನಾನು ಸಹಾಯ ತರಲು ಹೊರಟಿದ್ದೆನೆಂಬುದು ನನ್ನ ನೆನಪು. ಮಕ್ಕಳು ಮಾತ್ರ ಒಬ್ಬರೂ ಓಡಲಿಲ್ಲ. ಹತ್ತಿರ ಬಂದು ಸುತ್ತ ನಿಂತರು.

"ಎರಡ ತಲಿ ಐತಿ ನೋಡಲೇ!"

"ಒಂದ ತಲಿ, ಒಂದ ಬಾಲ. ಮೊಂಡ ಬಾಲ" ಎಂದಳು ಪದ್ಮವ್ವ. ಆ ಹಾವು ಅವಳ ತೋಳಿಗೆ ಬಳೆಯಂತೆ ಸುತ್ತಿಕೊಂಡು ಮಲಗುವ ತಯಾರಿಯಲ್ಲಿತ್ತು. "ಮಾಂಡೂಳ್ರಿ ಇದು. ಮಣ್ಣಮುಕ್ಕ. ಕಡಿಯೂದಿಲ್ಲ. ನಮ್ಮ ಹೊಲದಾಗ ಎರಡ ಅದಾವ."

ಮಾಂಡೂಳ. ಮಣ್ಣುಮುಕ್ಕ ಹಾವಿಗೆ ಮರಾಠಿಯ ಹೆಸರು. ಕಸಬೆ ಡಿಗ್ರಜದ ರೈತ ಕನ್ನಡ ಮಾತಿನ ನಡುವೆ ಹೇಳಿದ್ದು ಅದೇ ಮರಾಠಿ ಹೆಸರನ್ನು. ನಾನು ಸ್ಟೂಲಿನ ಮೇಲಿಂದ ಅದನ್ನು ಕನ್ನಡದ ಕಿವಿಯಿಂದ ಕೇಳಿ ಮಂಡಲ ಮಾಡಿಕೊಂಡಿದ್ದೆ. ಬರೆದದ್ದು ಮರಾಠಿ, ಓದಿದ್ದು ಕನ್ನಡ; ಹೇಳಿದ್ದು ಮರಾಠಿ, ಕೇಳಿದ್ದು ಕನ್ನಡ. ಎರಡು ಭಾಷೆ ಬಲ್ಲೆನೆಂಬ ಗರ್ವ ಅವತ್ತು ಆ ಶಾಲೆಯ ನೆಲಕ್ಕೆ ಬಿತ್ತು, ಕವಲುಕೋಲಿನ ಕೆಳಗೆ, ನನ್ನ ಪಾದದ ಜೊತೆ.

ಎಲ್ಲರೂ ನಕ್ಕರು, ಮೇಜಿನ ಮೇಲಿದ್ದ ಮಾಸ್ತರರೂ. ಪದ್ಮವ್ವ ಮಾತ್ರ ಹಲಗೆ ತೋರಿಸಿ, "ನಂದ ಸರಿ ಮಾಡ್ರಿ" ಎಂದಳು. ಮಾಸ್ತರರು ಇಳಿದು ಬಂದು, ಅವಳ ಹೆಸರಿನ ಮುಂದಿದ್ದ ತಪ್ಪು ಗುರುತು ಅಳಿಸಿ, ಉಳಿದವರಿಗೆಲ್ಲ ತಪ್ಪು ಹಾಕಿದರು. ತಮ್ಮ ಹೆಸರು ಹಲಗೆಯ ಮೇಲೆ ಇಲ್ಲದ್ದು ಅವರ ಪುಣ್ಯ. ಹಾವನ್ನು ಪದ್ಮವ್ವ ತನ್ನ ಹೊಲಕ್ಕೆ ಒಯ್ದಳು. "ಎರಡ ಇದ್ವು, ಮೂರ ಆಗ್ತಾವ."

ನಾನು ಶಾಲೆಯ ಕಟ್ಟೆಯ ಮೇಲೆ ಕುಳಿತೆ. ನಗುವವರಿಗೆ ಹಾವು ಮಾಂಡೂಳವಾದದ್ದರಿಂದ ಕತೆ ಮುಗಿದಿತ್ತು. ನನಗೆ ಮುಗಿದಿರಲಿಲ್ಲ. ಅದು ಮಾಂಡೂಳವಾಗಿದ್ದು ನನ್ನ ಜಾಣತನದಿಂದಲ್ಲ. ರೈತ ನಿಜವಾಗಿ ಮಂಡಲವನ್ನೇ ತಂದಿದ್ದರೂ ನಾನು ಅದೇ ಸ್ಟೂಲಿನ ಮೇಲೆ ನಿಂತು ಅದೇ ಎರಡಕ್ಷರ ಬರೆಯುತ್ತಿದ್ದೆ, ರಾಚಪ್ಪ ಅದೇ ಟಾಂಗಾಕ್ಕೆ ಹೇರುತ್ತಿದ್ದ, ಮೂವತ್ತೆರಡು ಕೈಗಳು ಅದೇ ಕಿಂಡಿಯೊಳಗೆ ಹೋಗುತ್ತಿದ್ದವು.

ಮರಳುವಾಗ ನಾಕಾದಲ್ಲಿ ನಮ್ಮ ಮುಂಗುಸಿ ಕಾರಕೂನನ ಕಾಗದಗಳ ಮೇಲೆ ಕೂತಿತ್ತು. "ಗಾಳಿಗೆ ಹಾರೂದಿಲ್ಲ, ಇರ್ಲಿ ಬಿಡ್ರಿ" ಎಂದು ಬಹಳ ಕೇಳಿಕೊಂಡ. ರಾಚಪ್ಪ ಬಿಡದೆ ಬಗಲಿಗೆ ಹಾಕಿಕೊಂಡು ಬಂದ.

ಡಾಕ್ಟರ ಸಾಹೇಬರಿಗೆ ಅಂದೇ ಸಂಜೆ ಎಲ್ಲವನ್ನೂ ಹೇಳಿದೆ, ಸ್ಟೂಲಿನ ಸಂಗತಿಯನ್ನೂ ಬಿಡದೆ. ರಾಜೀನಾಮೆ ಬರೆದು ಕಿಸೆಯಲ್ಲಿಟ್ಟುಕೊಂಡಿದ್ದೆ. ಅವರು ಕೊಕ್ಕರೆಯ ಕಣ್ಣನ್ನು ಇನ್ನೊಮ್ಮೆ ಒತ್ತಿ ಕೂಡಿಸಿದರು. ಆಮೇಲೆ ಕನ್ನಡದಲ್ಲಿ ಮಾತಾಡಿದರು, ನಾನು ನಡುಗಿದೆ. "ನೀನು ಹೋದ್ರೆ ಇನ್ನೊಬ್ಬ ಬರ್ತಾನ. ಅವಂಗೆ ಈ ಹೆದರಿಕಿ ಇರೂದಿಲ್ಲ. ಅಂವ ನನಗ ಬ್ಯಾಡ." ರಾಜೀನಾಮೆಯ ಹಾಳೆಯ ಹಿಂಬದಿಯಲ್ಲಿ ಹೊಸ ನಿಯಮಗಳನ್ನು ಬರೆಸಿದರು. ಪೆಟ್ಟಿಗೆಯ ಮೇಲೆ ಕನ್ನಡ, ಮರಾಠಿ ಎರಡೂ ಇರಬೇಕು, ಜೊತೆಗೊಂದು ಚಿತ್ರ. ಜೀವಂತ ಪ್ರಾಣಿ ಶಾಲೆಯ ಪೆಟ್ಟಿಗೆಗೆ ಎಂದೂ ಇಳಿಯಬಾರದು. ಕಳಿಸುವವನು ಮೊದಲು ತಾನೇ ಕೈ ಹಾಕಿ ನೋಡಬೇಕು. ಮತ್ತು ಸಾಪ ಎಂಬ ಮಾತನ್ನು ಈ ಆವರಣದಲ್ಲಿ ಯಾರೂ, ಯಾವ ಅರ್ಥದಲ್ಲೂ ಆಡಬಾರದು.

ಚಿತ್ರ ನನ್ನ ಪಾಲಿಗೆ ಬಂತು. ನಾನು ಬರೆದ ಗೂಬೆ ನೋಡಿ ಒಂದು ಶಾಲೆಯವರು ಕುಂಬಳಕಾಯಿಯ ಪೆಟ್ಟಿಗೆ ಬೇಡವೆಂದು ಮರಳಿಸಿದರು. ರಾಚಪ್ಪನಿಗೆ "ಸ್ವಚ್ಛ" ಎನ್ನಲು ನಾಲಿಗೆ ತಿರುಗುತ್ತಿರಲಿಲ್ಲ. "ಸ್ವಚ್ಚಿ... ಸ್ವಸ್ಛ... ಅದನ್ರಿ, ಹೆಸರ ಹೇಳಬಾರದ್ದು ಮಾಡೇನಿ" ಎನ್ನುತ್ತಿದ್ದ.

ಕೈ ಹಾಕುವ ನಿಯಮ ನಾನು ಪಾಲಿಸಲಿಲ್ಲ. ಪಾಲಿಸಲಾಗಲಿಲ್ಲ. ಕಾಲುಚೀಲದ ಬಾಯಿ ನೋಡಿದರೆ ಸಾಕು, ಅದರೊಳಗೆ ಮುಳುಗಿದ ಆ ಸಣ್ಣ ಮೊಣಕೈ ಕಾಣುತ್ತಿತ್ತು. ಪ್ರತಿ ಸಲ ನನ್ನ ಬದಲು ರಾಚಪ್ಪ ಕೈ ಹಾಕುತ್ತಿದ್ದ. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ, ಮುಟ್ಟಿ ಕಲಿಯಿರಿ ಎಂದು ನೂರು ಶಾಲೆಗೆ ಪತ್ರ ಬರೆದ ನಾನು ಆ ಪೆಟ್ಟಿಗೆಯಲ್ಲಿ ಅದಕ್ಕೂ ಮುಂಚೆ ಒಮ್ಮೆಯೂ ಕೈ ಹಾಕಿರಲಿಲ್ಲ.

ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಹಲಗೆಯ ಮೇಲಿನ ಪಟ್ಟಿ: ಬದನಿಕಾಯಿ, ಸೈಕಲ್ ಟೂಬು, ಎಮ್ಮಿ ನಾಲಿಗಿ. ಪ್ರತಿ ಉತ್ತರದ ಹಿಂದೆ ಒಂದು ಕೈ. ಅವ್ವ ಗಸಗಸೆ ಪಾಯಸ ಮಾಡಿ ಹಾಕಿದಳು. ನಾನು ದಪ್ಪಗಾದೆ, ನಿದ್ದೆ ಬರಲಿಲ್ಲ. ತಲೆದಿಂಬಿನ ಕೆಳಗೆ ಮುಂಗುಸಿ ಇಟ್ಟುಕೊಳ್ಳಲು ರಾಚಪ್ಪ ಹೇಳಿದ. ಇಟ್ಟುಕೊಂಡೆ, ಸೀನು ಬಂತು. ಹಗಲು ಕಚೇರಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದೆ. ನೋಡಲು ಬಂದ ಹಳ್ಳಿಯವನೊಬ್ಬ ನನ್ನನ್ನು ತೋರಿಸಿ, "ಇದಕ್ಕೂ ಹೊಟ್ಟ ತುಂಬ್ಯಾರೇನ್ರಿ?" ಎಂದು ಕೇಳಿದನಂತೆ.

ಹೀಗೆ ಐದು ತಿಂಗಳು. ಸಂಕ್ರಮಣ ಮುಗಿದ ಮರುದಿನ ಎರಡು ಚಕ್ಕಡಿಗಳಲ್ಲಿ ಅದೇ ಶಾಲೆ ಸಂಗ್ರಹಾಲಯ ನೋಡಲು ಬಂತು. ಮುಂದೆ ವಾಮನರಾವ ಮಾಸ್ತರರು, ಹಿಂದೆ ಮೂವತ್ತೆರಡು ಮಕ್ಕಳು, ಎಲ್ಲರ ಕೈಯಲ್ಲಿ ಎಳ್ಳು ಬೆಲ್ಲ. ಪದ್ಮವ್ವ ನವಿಲು ನೋಡಲಿಲ್ಲ, ಕೊಕ್ಕರೆ ನೋಡಲಿಲ್ಲ. ನೇರ ಹಿಂದಿನ ಕೋಣೆಗೆ ಹೋಗಿ ಕಿಟಕಿಯ ಕೆಳಗಿದ್ದ ಪೆಟ್ಟಿಗೆಯ ಮುಂದೆ ನಿಂತಳು. ಮುಚ್ಚಳದ ಮೇಲಿನ ಚಿತ್ರ ನೋಡಿ, "ಇದೇನ್ರಿ, ಕಾಲಮರಿಯೇನ?" ಎಂದಳು.

"ಕೈ. ಚಪ್ಪಲಿ ಅಲ್ಲ, ಮನುಷ್ಯಾನ ಕೈ."

"ಹಾಂ" ಎಂದಳು, ಒಪ್ಪದೆ. "ನೀವ ಇದರಾಗ ಕೈ ಹಾಕೀರೇನ್ರಿ?"

ನಾನು ರಾಚಪ್ಪನ ಕಡೆ ನೋಡಿದೆ. ಅವನು ಕಿಟಕಿಯ ಕಡೆ ನೋಡಿದ.

"ಇಲ್ಲ" ಎಂದೆ. ಒಮ್ಮೆ ಅವಳಿಗೆ ಸುಳ್ಳು ಹೇಳಿದ್ದು ಸಾಕಾಗಿತ್ತು.

"ಹಾಕ್ರಿ ಮತ್ತ. ನಾ ಇಲ್ಲೇ ನಿಂತಿರ್ತೇನಿ."

ಅಷ್ಟರಲ್ಲಿ ಮಕ್ಕಳು ತುಂಬಿಕೊಂಡರು. ಬಾಗಿಲಲ್ಲಿ ಡಾಕ್ಟರರೂ ಬಂದು ನಿಂತರು. ನಾನು ಅಂಗಿಯ ತೋಳು ಮಡಚಿದೆ. ಉಣ್ಣೆಯ ಚೀಲ ಮೊಣಕೈಗೆ ಏರಿತು. ಒಳಗೆ ಕತ್ತಲೆ, ಕರ್ಪೂರ, ತಣ್ಣಗೆ. ಬೆರಳಿಗೆ ದಪ್ಪನೆಯ, ಸುತ್ತಿ ಸುತ್ತಿ ಮಲಗಿದ್ದೊಂದು ತಗುಲಿತು.

"ಹಾವು!" ಎಂದು ಚೀರಿದೆ.

"ಕೈ ತಗೀಬ್ಯಾಡ್ರಿ" ಎಂದಳು ಪದ್ಮವ್ವ. "ಇನ್ನೊಮ್ಮಿ ಮುಟ್ರಿ. ಉಸರಾಡತೈತೇನ?"

ಮುಟ್ಟಿದೆ. ಅವಳು ಹೇಳಿದಷ್ಟು ಹೊತ್ತು ಮುಟ್ಟಿದೆ. ಅದು ಅಲುಗಲಿಲ್ಲ, ಉಬ್ಬಲಿಲ್ಲ, ಇಳಿಯಲಿಲ್ಲ. ಸಣ್ಣ ನಾರುಗಳು ಬೆರಳಿಗೆ ಚುಚ್ಚಿದವು.

"ಇಲ್ಲ" ಎಂದೆ. "ಹಗ್ಗ."

ವಾಮನರಾವ ಮಾಸ್ತರರು ಐದು ತಿಂಗಳಿನಿಂದ ಕಾದಿದ್ದ ಗಳಿಗೆ ಅದು. ಎರಡೂ ಕೈ ಮೇಲೆತ್ತಿ, "ಇದಕ್ಕ ಏನಂತಾರ?" ಎಂದರು. "ಭ್ರಾಂತಿ!" ಎಂದು ಬಂಗಲೆ ಅದುರಿತು. ಮಕ್ಕಳೊಂದಿಗೆ ರಾಚಪ್ಪನೂ ಕೂಗಿದ. ಪದ್ಮವ್ವ ಸೀಮೆಸುಣ್ಣ ತೆಗೆದುಕೊಂಡು, ನನ್ನ ಕಾಲಮರಿ ಚಿತ್ರದ ಪಕ್ಕದಲ್ಲಿ ಒಂದು ಸರಿ ಗುರುತು ಹಾಕಿದಳು.

ಮರುದಿನ ಬೆಳಿಗ್ಗೆ ನಾನು ಕಚೇರಿಗೆ ಹೋಗಲಿಲ್ಲ. ಡಾಕ್ಟರರು ರಾಚಪ್ಪನನ್ನು ನಮ್ಮ ಮನೆಗೆ ಅಟ್ಟಿದರು. ಅವ್ವ ಬಾಗಿಲಲ್ಲೇ ಅವನ ಬಾಯಿ ಮುಚ್ಚಿಸಿ, ಒಳಗೆ ಇಣುಕಲು ಬಿಟ್ಟಳಂತೆ. ಅವನು ಓಡುತ್ತ ಮರಳಿದಾಗ ಹಿಂದಿನ ಕೋಣೆಯ ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಸಂತೋಷದಲ್ಲಿ ನಿಯಮ ಮರೆತು ಬಾಗಿಲಿಂದಲೇ ಕೂಗಿದ:

"ಸಾಪ ಮಲಗ್ಯಾರ್ರಿ!"

ಡಾಕ್ಟರ ಸಾಹೇಬರು ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರಂತೆ. ನಾನು ನೋಡಲಿಲ್ಲ. ಮಲಗಿದ್ದೆ.